ಹಾರ್ಮೋನಿಯಂ ಮತ್ತು ನಾಟಕದ ಮೇಷ್ಟರು: ಚಿಕ್ಕಬಳ್ಳಾಪುರ ಸೀಮೆಯ ರಂಗಸಂಗೀತದ ಚರಿತ್ರೆಗೊಂದು ಪೀಠಿಕೆ

೧

ನಮ್ಮ ನಾಡಿನ ಸಂಗೀತದ ಚರಿತ್ರೆಯನ್ನು ಬರೆದವರು ಅರಮನೆ, ದೇವಾಲಯ, ಸಂಗೀತಸಭೆ ಎಂಬ ಮೂರು ನೆಲೆಗಳನ್ನು ಪ್ರಧಾನವಾಗಿ ಗಣಿಸಿರುತ್ತಾರೆ. ರಂಗಭೂಮಿಯ ಚರಿತ್ರೆಯನ್ನು ಬರೆದವರು ಕಂಪನಿಗಳ ಒಡೆಯರನ್ನೂ ನಟರನ್ನೂ ನಾಟಕಕಾರರನ್ನೂ ಕುರಿತು ವಿಪುಲವಾಗಿ ಬರೆದಿದ್ದಾರೆ. ಈ ಎರಡು ಚರಿತ್ರೆಗಳ ನಡುವಣ ಎಡೆಯಲ್ಲಿ ಒಬ್ಬ ವ್ಯಕ್ತಿ ಕಾಣದೆ ಹೋಗಿದ್ದಾನೆ. ಹಳ್ಳಿಯ ಜನ ಅವನನ್ನು 'ನಾಟಕದ ಮೇಷ್ಟರು' ಎಂದೋ 'ಹಾರ್ಮೋನಿಯಂ ಮೇಷ್ಟರು' ಎಂದೋ ಗೌರವದಿಂದ ಕರೆಯುತ್ತಾರೆ. ಸಂಗೀತಶಾಸ್ತ್ರಜ್ಞರಿಗೆ ಅವನು ಕೇವಲ ನಾಟಕದವನು. ರಂಗಚರಿತ್ರಕಾರರಿಗೆ ಅವನು ಕೇವಲ ಪಕ್ಕವಾದ್ಯದವನು. ಹೀಗಾಗಿ ಎರಡು ಕಡೆಯೂ ಅವನ ಹೆಸರು ದಾಖಲಾಗಲಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಮೇಷ್ಟರ ವೃತ್ತಿಯ ಹುಟ್ಟು, ಸ್ವರೂಪ, ಮಹತ್ತ್ವಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಪ್ರದೇಶವು ೨೦೦೭ರ ಆಗಸ್ಟ್‌ವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆಮೇಲೆ ಪ್ರತ್ಯೇಕ ಜಿಲ್ಲೆಯ ಭಾಗವಾಯಿತು. ಇಲ್ಲಿ ಪ್ರತಿಪಾದಿಸುವ ಸಂಗತಿ ಒಂದೇ: ಹಾರ್ಮೋನಿಯಂ ಮೇಷ್ಟರು ಪಟ್ಟಣದ ಕಂಪನಿ ನಾಟಕದ ನೆರಳಾಗಿ ಹಳ್ಳಿಗೆ ಬಂದವರು ಎಂಬ ಸಾಮಾನ್ಯವಾದ ಅಭಿಪ್ರಾಯವು ಅರ್ಧಸತ್ಯ, ಹಳೆಯ ಬಯಲಾಟದ ಭಾಗವತನ ಸ್ಥಾನಕ್ಕೆ ಹೊಸ ವಾದ್ಯವೊಂದರೊಡನೆ ಬಂದ ಉತ್ತರಾಧಿಕಾರಿಯೇ ಅವರು. ಈ ದೃಷ್ಟಿಯಿಂದ ನೋಡಿದಲ್ಲದೆ ಆ ವೃತ್ತಿಯ ಬೆಲೆ ನಮಗೆ ತಿಳಿಯಲಾರದು.

೨

ಹಾರ್ಮೋನಿಯಂ ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಹಾಡು ಇರಲಿಲ್ಲವೆಂದು ಯಾರೂ ಭಾವಿಸಕೂಡದು. ಕೋಲಾರದ ಕಡೆಯಲ್ಲಿ 'ಕೇಳಿಕೆ' ಎಂದು ಹೆಸರಾದ ಬಯಲಾಟವು ಮೂಡಲಪಾಯ ಯಕ್ಷಗಾನದ ಬಳಗಕ್ಕೆ ಸೇರಿದ್ದು. ಅದರಲ್ಲಿ ಭಾಗವತನೇ ಸರ್ವಾಧಿಕಾರಿ. ಪದ ಹೇಳುವವನು ಅವನು, ತಾಳ ಹಿಡಿಯುವವನು ಅವನು, ಊರಿನ ಹುಡುಗರಿಗೆ ಹೆಜ್ಜೆ ಮಾತುಗಳನ್ನು ಕಲಿಸುವವನೂ ಅವನೇ. ಇದರ ಜೊತೆಗೆ ಭಜನೆಯ ಪರಂಪರೆ ಇದ್ದಿತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರು ಬಳೆಯ ವ್ಯಾಪಾರದಿಂದ ಬದುಕನ್ನು ಮೊದಲುಮಾಡಿ, ತೆಲುಗು ಕನ್ನಡಗಳೆರಡರಲ್ಲಿಯೂ ತತ್ತ್ವಪದಗಳನ್ನು ರಚಿಸಿದರು. 'ಕೈವಾರದ ತಾತಯ್ಯ' ಎಂದು ಜನ ಪ್ರೀತಿಯಿಂದ ಕರೆಯುವ ಆ ಮಹನೀಯರ ಪದಗಳು ತಂಬೂರಿ ಚಿಟಿಕೆಗಳೊಡನೆ ಸುತ್ತಲಿನ ಹಳ್ಳಿಗಳ ಭಜನೆಯಲ್ಲಿ ಹಾಡಲ್ಪಟ್ಟುವು.

ಮಹಾಭಾರತದ ಕಥೆಗೆ ಈ ಮಣ್ಣಿನಲ್ಲಿ ವಿಶೇಷವಾದ ಆಸ್ಪದವುಂಟು. ಕೈವಾರವೇ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯ ಬೆಟ್ಟದಲ್ಲಿ ಎಂದೂ ಸ್ಥಳಪುರಾಣ ಹೇಳುತ್ತದೆ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಅಶ್ವತ್ಥವೃಕ್ಷವನ್ನು ನೆಟ್ಟವನು ವಿದುರನೆಂದು ಜನರ ನಂಬಿಕೆ. ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹದ ಸಂದರ್ಭದಲ್ಲಿ ಗೋಲಿಬಾರು ನಡೆದದ್ದೂ ಅದೇ ಕ್ಷೇತ್ರದಲ್ಲಿ. ಭೀಮ, ವಿದುರ, ಕೃಷ್ಣ ಇವರು ಈ ಕಡೆಯ ರೈತನಿಗೆ ದೂರದ ಕಾವ್ಯದ ಪಾತ್ರಗಳಲ್ಲ. ತನ್ನ ಊರಿನ ಬೆಟ್ಟದಲ್ಲಿ, ಮರದ ಬುಡದಲ್ಲಿ ಹೆಜ್ಜೆ ಇಟ್ಟುಹೋದವರು. 'ಕುರುಕ್ಷೇತ್ರ'ದಂತಹ ಪೌರಾಣಿಕ ನಾಟಕಗಳು ಇಲ್ಲಿ ಬೇರೂರಿದುದಕ್ಕೆ ಈ ಭಾವನೆಯೂ ಒಂದು ಕಾರಣವೆಂದು ಊಹಿಸಬಹುದು.

೩

ಇನ್ನು ವಾದ್ಯದ ವಿಚಾರ. ಗಾಳಿಯ ಒತ್ತಡದಿಂದ ತೆಳುವಾದ ಲೋಹದ ನಾಲಗೆಯನ್ನು ಮಿಡಿಸಿ ನಾದವನ್ನು ಹೊರಡಿಸುವ ತತ್ತ್ವ ಪೂರ್ವದೇಶಗಳಲ್ಲಿ ಪ್ರಾಚೀನವಾದದ್ದು. ಚೀನೀಯರ 'ಷೆಂಗ್' ವಾದ್ಯ ಇದಕ್ಕೆ ನಿದರ್ಶನ. ಯುರೋಪಿನವರು ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ರೂಪಗಳಲ್ಲಿ ಬೆಳೆಸಿದರು. ೧೮೨೯ರಲ್ಲಿ ವಿಯೆನ್ನಾ ನಗರದಲ್ಲಿ ಅಕಾರ್ಡಿಯನ್ನಿಗೆ ಹಕ್ಕುಪತ್ರ ದೊರೆಯಿತು. ೧೮೪೨ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತ ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಹಕ್ಕು ಪಡೆದನು. ಅಕಾರ್ಡಿಯನ್ ಬೊಹೆಮಿಯಾ ಪ್ರಾಂತದಲ್ಲಿ ಹುಟ್ಟಿದ ಪೋಲ್ಕಾ ಎಂಬ ಕುಣಿತಕ್ಕೆ ಜೊತೆಯಾಗಿ, ವಲಸೆಗಾರರೊಡನೆ ಅಮೆರಿಕವನ್ನು ಸೇರಿ, ಅಲ್ಲಿಯ ಹಳ್ಳಿಗಳ ಮದುವೆಮನೆಗಳಲ್ಲಿ ಜನಪ್ರಿಯವಾಯಿತು. ಅದರ ಸೋದರವಾದ ಹಾರ್ಮೋನಿಯಂ ಕ್ರೈಸ್ತ ಪ್ರಾರ್ಥನಾಮಂದಿರಗಳ ಮೂಲಕ ನಮ್ಮ ದೇಶಕ್ಕೆ ಬಂದು, ಹರಿಶ್ಚಂದ್ರನ ಮತ್ತು ದುರ್ಯೋಧನನ ಪದ್ಯಗಳಿಗೆ ಶ್ರುತಿಯಾಯಿತು. ಒಂದೇ ಬಗೆಯ ಲೋಹದ ನಾಲಗೆ ಒಂದು ಕಡೆ ಕುಣಿತವನ್ನೂ ಇನ್ನೊಂದು ಕಡೆ ಪುರಾಣವನ್ನೂ ನುಡಿದದ್ದು ಚರಿತ್ರೆಯ ಸೋಜಿಗಗಳಲ್ಲೊಂದು. ಎರಡು ಕಡೆಯೂ ಈ ವಾದ್ಯಗಳನ್ನು ಅಪ್ಪಿಕೊಂಡವರು ಸಂಗೀತಶಾಲೆಯ ಮೆಟ್ಟಲನ್ನು ಹತ್ತದ ಸಾಮಾನ್ಯ ಜನ ಎಂಬುದು ಗಮನಾರ್ಹ.

ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯನ್ನು ಒತ್ತಿ ಇನ್ನೊಂದು ಕೈಯಿಂದ ನುಡಿಸಬಹುದಾದ ಪೆಟ್ಟಿಗೆಯ ರೂಪಕ್ಕೆ ಇದನ್ನು ತಂದವರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರ ಹೆಸರು ಪ್ರಸಿದ್ಧ. ಆ ಶತಮಾನದ ಕೊನೆಯ ಪಾದದಲ್ಲಿ ಇದು ದೇಶದಾದ್ಯಂತ ಹರಡಿತು. ರಂಗಭೂಮಿಯಲ್ಲಿ ಮಾತ್ರ ಕಾಲಿನಿಂದ ತಿದಿಯೊತ್ತುವ 'ಕಾಲು ಹಾರ್ಮೋನಿಯಂ' ಬಹುಕಾಲ ನಿಂತಿತು. ಇದಕ್ಕೆ ಪ್ರಬಲವಾದ ಕಾರಣಗಳಿದ್ದುವು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಬಯಲಿನಲ್ಲಿ ನೆರೆದ ಜನಸಮೂಹದ ಕೊನೆಯ ಸಾಲಿಗೂ ನಾದ ಮುಟ್ಟಬೇಕಾಗಿತ್ತು. ಕಾಲಿನ ತಿದಿ ಕೈತಿದಿಗಿಂತ ಹೆಚ್ಚು ಗಾಳಿಯನ್ನು ಎಡೆಬಿಡದೆ ಒದಗಿಸುತ್ತಿದ್ದಿತು. ಎರಡು ಕೈಗಳೂ ಬಿಡುವಾಗಿದ್ದುದರಿಂದ ನುಡಿಸುವವನು ಒಂದರಲ್ಲಿ ಆಧಾರಸ್ವರವನ್ನು ಹಿಡಿದು ಮತ್ತೊಂದರಲ್ಲಿ ಹಾಡನ್ನು ಹಿಂಬಾಲಿಸಬಹುದಾಗಿತ್ತು. ತಂತಿಯ ವಾದ್ಯದಂತೆ ಹವೆಯ ಏರುಪೇರಿಗೆ ಗಳಿಗೆಗಳಿಗೆಗೂ ಶ್ರುತಿ ಕೆಡುವ ಭಯವೂ ಇದಕ್ಕೆ ಕಡಮೆ. ಇಬ್ಬನಿ ಬೀಳುವ ಮಾಗಿಯ ರಾತ್ರಿಯಲ್ಲಿ, ಬೆಳಗಿನ ಜಾವದವರೆಗೆ ನಡೆಯುವ ಆಟಕ್ಕೆ ಇದು ಅಲ್ಪವಾದ ಅನುಕೂಲವೇನೂ ಅಲ್ಲ.

ಈ ವಾದ್ಯವನ್ನು ಜನಸಾಮಾನ್ಯರ ಕಿವಿಗೆ ಪರಿಚಯಮಾಡಿಕೊಟ್ಟವು ವೃತ್ತಿನಾಟಕ ಕಂಪನಿಗಳು. ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿ, ಮುಂದೆ ಅದನ್ನು ಕೀರ್ತಿಶಿಖರಕ್ಕೇರಿಸಿದ ಗುಬ್ಬಿ ವೀರಣ್ಣನವರು (೧೮೯೧–೧೯೭೨), ರತ್ನಾವಳಿ ನಾಟಕಸಭೆಯ ಎ. ವಿ. ವರದಾಚಾರ್ಯರು ಇವರೆಲ್ಲ ಸಂಗೀತವನ್ನೇ ನಾಟಕದ ಪ್ರಾಣವಾಗಿ ಮಾಡಿದವರು. ಆಂಧ್ರದ ಕಡೆಯಿಂದಲೂ ಇಂತಹುದೇ ಪ್ರಭಾವ ಬಂದಿತು. ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ ೧೮೮೫ರಲ್ಲಿ ಆರಂಭವಾದ ಸುರಭಿ ಮಂಡಳಿ, ಬಳ್ಳಾರಿಯ ಧರ್ಮವರಂ ರಾಮಕೃಷ್ಣಮಾಚಾರ್ಯರ ನಾಟಕಗಳು ತೆಲುಗು ಪದ್ಯನಾಟಕಕ್ಕೆ ಅಡಿಪಾಯ ಹಾಕಿದುವು. ಬೆಂಗಳೂರಿನಿಂದ ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಹೋಗುವ ರೈಲುಹಾದಿ ೧೮೯೦ರ ದಶಕದ್ದು; ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸಿದ ಕಿರಿಯ ಅಳತೆಯ ಹಾದಿ ೧೯೧೦ರ ದಶಕದ್ದು. ಪರದೆ, ಪೆಟ್ಟಿಗೆ, ವಾದ್ಯಗಳನ್ನು ಹೊತ್ತು ತಿರುಗುವವರಿಗೆ ಈ ಹಾದಿಗಳು ಎಷ್ಟು ಉಪಕಾರಕವಾಗಿದ್ದಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೀಗೆ ಕನ್ನಡ ತೆಲುಗು ರಂಗಸಂಗೀತಗಳ ಎರಡು ಹೊಳೆಗಳು ಕೂಡುವ ನೆಲೆಯಲ್ಲಿ ಈ ನಾಲ್ಕು ತಾಲ್ಲೂಕುಗಳು ಇದ್ದುವು.

೪

ಕಂಪನಿಯ ನಾಟಕವನ್ನು ನೋಡಿದ ಹಳ್ಳಿಯವನು ತಾನೂ ವೇಷ ಕಟ್ಟಬೇಕೆಂದು ಬಯಸಿದಾಗ ಮೇಷ್ಟರ ವೃತ್ತಿಗೆ ಅವಕಾಶವಾಯಿತು. ಈ ವೃತ್ತಿಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ರಾಗಿಯ ಕೊಯ್ಲು ಒಕ್ಕಣೆಗಳು ಮುಗಿದು ಸಂಕ್ರಾಂತಿ ಕಳೆದ ಮೇಲೆ ನಾಟಕದ ಕಾಲ. ನಂದಿಯ ಶಿವರಾತ್ರಿಯ ಜಾತ್ರೆ, ಯುಗಾದಿ, ಊರಿನ ದೇವತೆಯ ಉತ್ಸವ ಇವುಗಳ ಸುತ್ತಮುತ್ತ ಆಟಗಳು ಏರ್ಪಡುತ್ತವೆ. ಊರಿನ ಹಿರಿಯರು ಮೊದಲೇ ಕೂಡಿ, ಆಡುವ ನಾಟಕವನ್ನು ನಿಶ್ಚಯಿಸಿ, ಮೇಷ್ಟರನ್ನು ಕರೆಸಿ, ವೀಳ್ಯ ಕೊಟ್ಟು ಗೊತ್ತುಮಾಡಿಕೊಳ್ಳುತ್ತಾರೆ. ಪಾತ್ರಗಳನ್ನು ಹಂಚುವುದು ಸುಲಭದ ಕೆಲಸವಲ್ಲ. ಪಾತ್ರ ವಹಿಸುವವರು ಖರ್ಚಿಗೆ ಹಣ ಕೊಡುವುದು ವಾಡಿಕೆ; ಕೃಷ್ಣ, ದುರ್ಯೋಧನ, ಭೀಮ, ಕರ್ಣ ಇಂತಹ ಪಾತ್ರಗಳಿಗೆ ಹೆಚ್ಚಿನ ಹಣ. ಹಣವಂತನಿಗೆ ಕಂಠವಿಲ್ಲ, ಕಂಠವಿರುವವನಿಗೆ ಹಣವಿಲ್ಲ ಎಂಬ ಇಕ್ಕಟ್ಟು ಒದಗಿದಾಗ ಯಾರ ಮನಸ್ಸೂ ನೋಯದಂತೆ ತೀರ್ಮಾನ ಹೇಳಬೇಕಾದವರು ಮೇಷ್ಟರು. ಅವರ ಮಾತಿಗೆ ಊರಿನ ಗೌಡನೂ ತಲೆಬಾಗಬೇಕಾಗುತ್ತಿತ್ತು. ಏಕೆಂದರೆ ಶ್ರುತಿ ತಪ್ಪಿದರೆ ಹತ್ತು ಊರಿನ ಜನರ ಮುಂದೆ ನಗೆಪಾಟಲಾಗುವವನು ಅವನೇ.

ಅಭ್ಯಾಸ ರಾತ್ರಿಯ ಊಟವಾದ ಮೇಲೆ, ಊರಿನ ಚಾವಡಿಯಲ್ಲಿ ಅಥವಾ ಭಜನೆಯ ಮಂದಿರದಲ್ಲಿ. ಎರಡು ಮೂರು ತಿಂಗಳು ಇದು ನಡೆಯುತ್ತದೆ. ಶಿಡ್ಲಘಟ್ಟ ಚಿಂತಾಮಣಿಗಳ ರೇಷ್ಮೆಯ ಹಳ್ಳಿಗಳಲ್ಲಿ ಹುಳು ಕೊನೆಯ ಹಂತಕ್ಕೆ ಬಂದಾಗ ಹಗಲು ರಾತ್ರಿ ಸೊಪ್ಪು ಹಾಕಬೇಕಾಗುವುದರಿಂದ, ಸಾಕುವ ಮನೆಯವರ ಬಿಡುವನ್ನು ನೋಡಿಯೇ ಪಾಠವನ್ನು ಹೊಂದಿಸಿಕೊಳ್ಳಬೇಕು. ಗೂಡು ಮಾರಿ ಬಂದ ನಗದೇ ಅನೇಕರಿಗೆ ಪಾತ್ರದ ಹಣವೂ ಆಗುತ್ತದೆ. ಕಲಿಯುವವರಲ್ಲಿ ಓದು ಬಲ್ಲವರಿರುತ್ತಾರೆ, ಅಕ್ಷರವನ್ನೇ ಅರಿಯದವರಿರುತ್ತಾರೆ. ಅಕ್ಷರವಿಲ್ಲದವನಿಗೆ ಮೇಷ್ಟರು ಪಾದಪಾದವಾಗಿ ಹೇಳಿಕೊಟ್ಟು, ಅವನು ಒಪ್ಪಿಸುವವರೆಗೆ ಬಿಡುವುದಿಲ್ಲ. ಪದ್ಯವನ್ನು ಎಲ್ಲಿ ಬಿಡಿಸಬೇಕು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಪದವನ್ನು ಎತ್ತಿ ಹಿಡಿಯಬೇಕು ಎಂಬುದೆಲ್ಲ ಈ ಪಾಠಕ್ಕೆ ಸೇರಿದ್ದು.

ಒಬ್ಬೊಬ್ಬನ ಕಂಠಕ್ಕೆ ಹೊಂದುವ 'ಮನೆ'ಯನ್ನು, ಎಂದರೆ ಆಧಾರಶ್ರುತಿಯನ್ನು, ಆರಿಸಿಕೊಡುವುದು ಮೇಷ್ಟರ ಮೊದಲ ಪರೀಕ್ಷೆ. ವೀರರಸದ ಪಾತ್ರಕ್ಕೆ ಏರುಶ್ರುತಿ ಬೇಕು; ಅದನ್ನು ಕಂಠ ತಾಳದಿದ್ದರೆ ಪದ್ಯ ಅರ್ಧದಲ್ಲಿಯೇ ಒಡೆಯುತ್ತದೆ. ಮೋಹನ, ಕಲ್ಯಾಣಿ, ಕಾಪಿ, ಬೇಹಾಗ್, ಭೀಮ್‌ಪಲಾಸ್, ಸಿಂಧುಭೈರವಿ ಮೊದಲಾದ ರಾಗಗಳ ಹೆಸರುಗಳನ್ನು ರೈತನು ಕೇಳಿದ್ದು ಈ ಚಾವಡಿಯಲ್ಲಿ. ಕರ್ನಾಟಕ ಹಿಂದೂಸ್ತಾನಿ ಎಂಬ ಭೇದವನ್ನು ಮೇಷ್ಟರು ಎಣಿಸಲಿಲ್ಲ. ಪಾರಸಿ ಮತ್ತು ಮರಾಠಿ ರಂಗಭೂಮಿಯಿಂದ ಬಂದ ಧಾಟಿಗಳನ್ನು ಅವರು 'ಮಟ್ಟು' ಎಂದು ಕರೆದು ಕನ್ನಡ ಪದಗಳಿಗೆ ಹೊಂದಿಸಿಕೊಂಡರು. ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ಇಂತಹ ಮಟ್ಟಿನ ಸೂಚನೆಗಳು ಅಚ್ಚಾಗಿರುವುದನ್ನು ನೋಡಬಹುದು.

ಆಟದ ರಾತ್ರಿ ಮೇಷ್ಟರ ಆಸನ ರಂಗದ ಮುಂಭಾಗದ ಒಂದು ಪಕ್ಕದಲ್ಲಿ, ಜೊತೆಗೆ ತಬಲದವನು. ನಟನು ಮರೆತಾಗ ಪದ್ಯದ ಮೊದಲ ಮಾತನ್ನು ಮೆಲ್ಲನೆ ಎತ್ತಿಕೊಡುವುದು, ಶ್ರುತಿ ಇಳಿದಾಗ ಸ್ವರವನ್ನು ಒತ್ತಿ ಎಚ್ಚರಿಸುವುದು, ವೇಷ ತಡವಾದರೆ ನಡುವಣ ಕಾಲವನ್ನು ವಾದನದಿಂದ ತುಂಬುವುದು, ಜನ 'ಮತ್ತೊಮ್ಮೆ' ಎಂದು ಕೂಗಿದರೆ ಪದ್ಯವನ್ನು ಪುನಃ ಎತ್ತಿಸುವುದು ಇವೆಲ್ಲ ಒಬ್ಬನೇ ಮಾಡುವ ಕೆಲಸ. ನಟರು ಸರದಿಯ ಮೇಲೆ ಒಳಕ್ಕೆ ಹೋಗಿ ವಿಶ್ರಮಿಸುತ್ತಾರೆ. ಮೇಷ್ಟರು ಮಾತ್ರ ನಾಂದಿಯಿಂದ ಮಂಗಳದವರೆಗೆ ಕದಲುವಂತಿಲ್ಲ. ಕಲಿಸುವವನು, ಹಾಡುವವನು, ನಡೆಸುವವನು ಒಬ್ಬನೇ ಆಗಿರುವ ಈ ಸ್ಥಾನವನ್ನು ಕೇಳಿಕೆಯ ಭಾಗವತನ ಸ್ಥಾನದೊಡನೆ ಹೋಲಿಸಿ ನೋಡಿದರೆ ಸಾಮ್ಯ ಸ್ಪಷ್ಟವಾಗುತ್ತದೆ. ಪಟ್ಟಣದ ಕಂಪನಿಯಲ್ಲಿ ಈ ಕೆಲಸಗಳು ಹಲವರಿಗೆ ಹಂಚಿಹೋಗಿದ್ದುವು: ನಾಟಕ ಕಲಿಸುವವನು ಬೇರೆ, ನುಡಿಸುವವನು ಬೇರೆ, ತೆರೆಯ ಮರೆಯಿಂದ ಮಾತು ಎತ್ತಿಕೊಡುವವನು ಬೇರೆ. ಹಳ್ಳಿಯಲ್ಲಿ ಅವೆಲ್ಲ ಮರಳಿ ಒಬ್ಬನಲ್ಲಿಯೇ ಕೂಡಿಕೊಂಡುವು. ವಾದ್ಯವೂ ಪರದೆಯೂ ಕಂಪನಿಯಿಂದ ಬಂದುವು. ವೃತ್ತಿಯ ರಚನೆ ಮಾತ್ರ ಬಯಲಾಟದ್ದೇ ಆಗಿ ಉಳಿಯಿತು.

ನಾಟಕದ ಪಾಠದ ವಿಷಯದಲ್ಲಿಯೂ ಹೀಗೆಯೇ. ೧೯೩೦ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಗುಬ್ಬಿಯ ಕಂಪನಿಯವರು ಆನೆ ಕುದುರೆಗಳೊಡನೆ ವೈಭವದಿಂದ ಪ್ರಯೋಗಿಸಿದರು. ಹಳ್ಳಿಗಳಲ್ಲಿ ಆ ಹೆಸರಿನಿಂದ ನಡೆಯುವ ಆಟದಲ್ಲಿ ಬೇರೆ ಬೇರೆ ಮೂಲಗಳಿಂದ ಬಂದ ಕಂದ, ವೃತ್ತ, ಸೀಸಪದ್ಯ, ಹಾಡುಗಳು ಸೇರಿಕೊಂಡಿರುತ್ತವೆ. ಇವುಗಳನ್ನು ಸೇರಿಸಿದವರೂ ತೆಗೆದವರೂ ಮೇಷ್ಟರು. ಅವರ ಕೈಬರಹದ ಪುಸ್ತಕವೇ ಆ ಸೀಮೆಯ ಮಟ್ಟಿಗೆ ನಾಟಕದ ಪ್ರಮಾಣಗ್ರಂಥ.

೫

ಈ ಸೀಮೆಯ ಭಾಷಾಸ್ಥಿತಿ ಮೇಷ್ಟರ ಹೊಣೆಯನ್ನು ಇಮ್ಮಡಿಯಾಗಿಸಿತು. ಇಲ್ಲಿ ಮನೆಯ ಮಾತು ಅನೇಕರಿಗೆ ತೆಲುಗು; ಶಾಲೆಯ ಮತ್ತು ಕಚೇರಿಯ ಮಾತು ಕನ್ನಡ. ಒಂದು ವರ್ಷ ತೆಲುಗಿನಲ್ಲಿ ಹರಿಶ್ಚಂದ್ರನ ಕಥೆಯನ್ನು ಆಡಿದ ಊರು ಮರುವರ್ಷ ಕನ್ನಡದಲ್ಲಿ 'ಕುರುಕ್ಷೇತ್ರ'ವನ್ನು ಆಡುವುದುಂಟು. ಎರಡು ಭಾಷೆಗಳ ಛಂದಸ್ಸೂ ಮೇಷ್ಟರಿಗೆ ತಿಳಿದಿರಬೇಕಾಗಿತ್ತು. ತೆಲುಗು ಪದ್ಯದ ದೀರ್ಘವಾದ ಆಲಾಪವನ್ನು ಮೆಚ್ಚುವ ಜನ ಕನ್ನಡದ ಪದ್ಯದಲ್ಲಿಯೂ ಅದನ್ನೇ ಬಯಸಿದಾಗ, ಈ ಕಡೆಯ ಪದ್ಯಗಾಯನಕ್ಕೆ ತನ್ನದೇ ಆದ ಎಳೆತ ಬಂದಿತು.

ಮನೆಯಲ್ಲಿ ಕನ್ನಡವನ್ನಾಡದ ರೈತನೊಬ್ಬನು ಮೂರು ತಿಂಗಳ ಅಭ್ಯಾಸದಲ್ಲಿ ನೂರಾರು ಸಾಲುಗಳ ಪ್ರೌಢವಾದ ಕನ್ನಡವನ್ನು ಬಾಯಿಪಾಠಮಾಡಿ, ಮಹಾಪ್ರಾಣಗಳನ್ನೂ ಸಮಾಸಗಳನ್ನೂ ತಿದ್ದಿಸಿಕೊಂಡು ಸಾವಿರ ಜನರ ಮುಂದೆ ನುಡಿಯುವುದು ಸಾಮಾನ್ಯವಾದ ಸಂಗತಿಯಲ್ಲ. ವಯಸ್ಕರ ವಿದ್ಯಾಭ್ಯಾಸವೆಂಬ ಹೆಸರಿಲ್ಲದೆ, ಸರ್ಕಾರದ ವೇತನವಿಲ್ಲದೆ ನಡೆದ ಭಾಷಾಬೋಧನೆ ಇದು. ಗಡಿನಾಡಿನಲ್ಲಿ ಕನ್ನಡದ ಬೆಳವಣಿಗೆಯನ್ನು ಕುರಿತು ವಿಚಾರಮಾಡುವವರು ಶಾಲೆಗಳ ಸಂಖ್ಯೆಯೊಡನೆ ಈ ರಾತ್ರಿಯ ಚಾವಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೬

ಹಳ್ಳಿಗಳಲ್ಲಿ ಹಾರ್ಮೋನಿಯಂ ಹೀಗೆ ನೆಲೆಗೊಳ್ಳುತ್ತಿದ್ದ ಕಾಲದಲ್ಲಿಯೇ ವಿದ್ವಾಂಸರ ನಡುವೆ ಅದರ ಮೇಲೆ ತೀವ್ರವಾದ ಆಕ್ಷೇಪಣೆ ಎದ್ದಿತು. ಆಕ್ಷೇಪಣೆಯ ತಿರುಳು ಎರಡು. ಮೊದಲನೆಯದಾಗಿ, ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿದ ಪಾಶ್ಚಾತ್ಯ ಕ್ರಮದಲ್ಲಿ ನಮ್ಮ ರಾಗಗಳ ಸೂಕ್ಷ್ಮಶ್ರುತಿಗಳು ಹಿಡಿಯುವುದಿಲ್ಲ. ಎರಡನೆಯದಾಗಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಈ ವಾದ್ಯದಿಂದ ಹೊರಡದು. ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ಇ. ಕ್ಲೆಮೆಂಟ್ಸ್ ಅವರು ಶ್ರುತಿಗಳನ್ನು ಹೆಚ್ಚಿಸಿದ ಹಾರ್ಮೋನಿಯಮ್ಮನ್ನು ಮಾಡಿಸಿ ಮೊದಲನೆಯ ದೋಷವನ್ನು ಪರಿಹರಿಸಲು ಯತ್ನಿಸಿದರು; ಅದು ಬಳಕೆಗೆ ಬರಲಿಲ್ಲ. ರವೀಂದ್ರನಾಥ ಠಾಕೂರರು ಈ ವಾದ್ಯವನ್ನು ಮೆಚ್ಚಲಿಲ್ಲ. ಆಕಾಶವಾಣಿಯ ಪಾಶ್ಚಾತ್ಯ ಸಂಗೀತದ ಅಧಿಕಾರಿಯಾಗಿದ್ದ ಜಾನ್ ಫೌಲ್ಡ್ಸ್ ೧೯೩೮ರಲ್ಲಿ ಇದನ್ನು ಖಂಡಿಸಿ ಬರೆದರು. ಲಯೊನೆಲ್ ಫೀಲ್ಡನ್ ಅವರ ಆಡಳಿತದಲ್ಲಿ, ೧೯೪೦ರ ಮಾರ್ಚ್ ೧ರಿಂದ, ಹಾರ್ಮೋನಿಯಂ ರೇಡಿಯೋ ನಿಲಯಗಳಿಂದ ಬಹಿಷ್ಕೃತವಾಯಿತು. ಈ ನಿಷೇಧ ಸಡಿಲವಾದದ್ದು ಮೂರು ದಶಕಗಳ ತರುವಾಯ, ೧೯೭೦ರ ದಶಕದ ಆರಂಭದಲ್ಲಿ.

ಶಾಸ್ತ್ರದ ದೃಷ್ಟಿಯಿಂದ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಸಭಾಗಾನದ ಅಳತೆಗೋಲು. ನಾಟಕದಲ್ಲಿ ಗಮಕವನ್ನು ಒದಗಿಸುವುದು ನಟನ ಕಂಠ. ವಾದ್ಯದ ಕೆಲಸ ಆಧಾರವನ್ನು ಕೊಟ್ಟು ದಾರಿಯನ್ನು ತೋರುವುದು. ತಂಬೂರಿಯ ಶ್ರುತಿಯನ್ನು ಕೂಡಿಸಲು ವರ್ಷಗಳ ಸಂಸ್ಕಾರ ಬೇಕು; ಹಗಲೆಲ್ಲ ನೇಗಿಲು ಹಿಡಿದು ಬಂದವನಿಗೆ 'ಇದೇ ನಿನ್ನ ಸ್ವರ' ಎಂದು ನಿಸ್ಸಂದಿಗ್ಧವಾಗಿ ತೋರಿಸಿದ ವಾದ್ಯ ಹಾರ್ಮೋನಿಯಂ. ಶಾಸ್ತ್ರವು ಯಾವುದನ್ನು ದೋಷವೆಂದು ಎಣಿಸಿತೋ ಆ ಸ್ಥಿರತೆಯೇ ಕಲಿಯುವವನಿಗೆ ಗುಣವಾಯಿತು.

ಪ್ರದೇಶಭೇದದಿಂದ ಈ ವಾದಕರ ಭಾಗ್ಯವೂ ಭಿನ್ನವಾಯಿತೆಂಬುದನ್ನು ತೋರಿಸಲು ಒಂದು ಹೋಲಿಕೆ ಸಾಕು. ಕೊಲ್ಹಾಪುರದ ಗೋವಿಂದರಾವ್ ಟೆಂಬೆ (೧೮೮೧–೧೯೫೫) ಹಾರ್ಮೋನಿಯಂ ವಾದಕರಾಗಿ ಮೊದಲುಮಾಡಿ, ಮರಾಠಿ ರಂಗಭೂಮಿಯ ಸಂಗೀತ ಸಂಯೋಜಕರೂ ನಟರೂ ಆಗಿ, ಚಲನಚಿತ್ರಕ್ಕೂ ಸಂಗೀತವನ್ನು ಒದಗಿಸಿದರು. ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಜನಿಸಿದ ರಾಮಭಾವು ವಿಜಾಪುರೆಯವರು (೧೯೧೭–೨೦೧೦) ಬೆಳಗಾವಿಯಲ್ಲಿ ಸಂಗೀತ ವಿದ್ಯಾಲಯವನ್ನು ನಡೆಸಿ, ಹಿಂದೂಸ್ತಾನಿ ಸಂಗೀತದ ಶ್ರೇಷ್ಠ ಗಾಯಕರಿಗೆ ಸಾಥಿಯಾಗಿ ನುಡಿಸಿ, ಶಿಷ್ಯಪರಂಪರೆಯನ್ನು ಬೆಳೆಸಿದರು. ಆ ಕಡೆಯ ಗಾಯನಸಭೆಗಳು ಹಾರ್ಮೋನಿಯಮ್ಮನ್ನು ಒಳಕ್ಕೆ ಕರೆದುಕೊಂಡಿದ್ದುವು. ದಕ್ಷಿಣದ ಸಭೆಗಳಲ್ಲಿ ಪಿಟೀಲು ಆ ಸ್ಥಾನವನ್ನು ಮೊದಲೇ ಪಡೆದಿದ್ದರಿಂದ, ಚಿಕ್ಕಬಳ್ಳಾಪುರದ ಕಡೆಯ ವಾದಕನಿಗೆ ರಂಗಭೂಮಿಯ ಹೊರಗೆ ಭಜನೆಯ ಮಂದಿರವಲ್ಲದೆ ಬೇರೆ ಆಶ್ರಯವಿರಲಿಲ್ಲ. ಸಭೆಯೂ ಇಲ್ಲ, ರೇಡಿಯೋವೂ ಇಲ್ಲ, ಧ್ವನಿಮುದ್ರಿಕೆಯೂ ಇಲ್ಲ; ಅವನ ಕೀರ್ತಿ ಎತ್ತಿನ ಗಾಡಿ ಹೋಗಿಬರುವಷ್ಟು ದೂರದಲ್ಲಿಯೇ ನಿಂತಿತು. ಬೆಳಗಾವಿಯ ವಾದಕನಿಗೆ ಜೀವನಚರಿತ್ರೆಯಿದೆ. ಇವನಿಗಿರುವುದು ಊರವರ ನೆನಪು ಮಾತ್ರ. ವಿದ್ವತ್ತಿನ ಅಂತರ ಎಷ್ಟೇ ಇರಲಿ, ದಾಖಲೆಯಲ್ಲಿ ಕಾಣುವ ಈ ಅಂತರಕ್ಕೆ ಆಶ್ರಯದ ಭೇದವೇ ಮುಖ್ಯ ಕಾರಣ.

೭

ಸಿನಿಮಾ ಬಂದಾಗ ನಾಟಕ ಅಳಿಯುವುದೆಂದರು. ದೂರದರ್ಶನ ಬಂದಾಗಲೂ ಹಾಗೆಯೇ ಅಂದರು. ಕಂಪನಿಗಳು ಕುಗ್ಗಿದುದು ನಿಜ. ಆದರೆ ಹಳ್ಳಿಯ ಪೌರಾಣಿಕ ನಾಟಕ ನಿಲ್ಲಲಿಲ್ಲ. ೧೯೬೩ರಲ್ಲಿ ಬೆಂಗಳೂರಿನಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದ ವೇದಿಕೆಯನ್ನೂ ಗ್ರಾಮೀಣ ತಂಡಗಳು ಏರಿದುವು. ಕಾಲು ಹಾರ್ಮೋನಿಯಂ ಅಪರೂಪವಾಗಿ, ವಿದ್ಯುತ್ತಿನ ಕೀಬೋರ್ಡು ಅನೇಕ ಕಡೆ ಅದರ ಸ್ಥಾನಕ್ಕೆ ಬಂದಿದೆ. ವಾದ್ಯ ಬದಲಾದರೂ ವೃತ್ತಿಯ ರಚನೆ ಬದಲಾಗದಿರುವುದನ್ನು ನೋಡಿದರೆ, ಅದು ವಾದ್ಯಕ್ಕಿಂತ ಹಳೆಯದೆಂಬ ನಮ್ಮ ವಾದಕ್ಕೆ ಪುಷ್ಟಿ ದೊರೆಯುತ್ತದೆ.

ಈ ಚರಿತ್ರೆಗೆ ಆಕರಗಳು ಮೂರು ಬಗೆಯವು: ಮೇಷ್ಟರ ಕೈಬರಹದ ಪುಸ್ತಕಗಳು, ನಾಟಕದ ಕರಪತ್ರಗಳು, ಮತ್ತು ವೃದ್ಧರ ನೆನಪು. ಕರಪತ್ರಗಳಲ್ಲಿ ಪಾತ್ರಧಾರಿಗಳ ಹೆಸರುಗಳೊಡನೆ ಮೇಷ್ಟರ ಹೆಸರೂ ಊರೂ ಅಚ್ಚಾಗಿರುವುದು ರೂಢಿಯಾದುದರಿಂದ, ಅವುಗಳನ್ನು ಕೂಡಿಸಿ ಕಾಲಕ್ರಮದಲ್ಲಿ ಜೋಡಿಸಿದರೆ ಒಬ್ಬೊಬ್ಬ ಮೇಷ್ಟರ ಸಂಚಾರದ ವ್ಯಾಪ್ತಿಯನ್ನು ಗುರುತಿಸುವುದು ಸಾಧ್ಯ. ಒಬ್ಬ ರಂಗಸಂಗೀತಗಾರನ ನೆನಪಿನಲ್ಲಿ ಎಷ್ಟು ಸಂಪತ್ತು ಅಡಗಿರಬಲ್ಲದೆಂಬುದಕ್ಕೆ, ಬಾಲ್ಯದಲ್ಲಿಯೇ ಕಂಪನಿಯನ್ನು ಸೇರಿ ಮುಂದೆ ಹಾರ್ಮೋನಿಯಂ ವಾದಕರಾಗಿಯೂ ರಂಗಗೀತೆಗಳ ಬೋಧಕರಾಗಿಯೂ ಹೆಸರಾದ ಆರ್. ಪರಮಶಿವನ್ ಅವರೇ ಸಾಕ್ಷಿ. ಅವರು ಉಳಿಸಿಕೊಟ್ಟುದು ಕಂಪನಿಯ ಹಾಡುಗಳನ್ನು. ಹಳ್ಳಿಯ ಚಾವಡಿಯ ಪಾಠವನ್ನು ಹಾಗೆ ಸಂಗ್ರಹಿಸುವ ಕೆಲಸ ಈ ಸೀಮೆಯಲ್ಲಿ ಆಗಬೇಕಾಗಿದೆ.

ಮೇಷ್ಟರು ತೀರಿಕೊಂಡ ಮನೆಯಲ್ಲಿ ಅವರ ಪುಸ್ತಕ ಒಂದೆರಡು ತಲೆಮಾರು ಅಟ್ಟದ ಮೇಲಿರುತ್ತದೆ. ಆಮೇಲೆ ಗೆದ್ದಲಿಗೋ ಹಳೆಯ ಕಾಗದದ ವ್ಯಾಪಾರಿಗೋ ಸೇರುತ್ತದೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ಬಹುಮಂದಿ ವಿದ್ಯಾರ್ಥಿಗಳ ಅಜ್ಜನೋ ದೊಡ್ಡಪ್ಪನೋ ಒಮ್ಮೆಯಾದರೂ ಇಂತಹ ಮೇಷ್ಟರ ಮುಂದೆ ನಿಂತು ಪದ್ಯ ಒಪ್ಪಿಸಿದವರಾಗಿರಬಹುದು. ಅಧ್ಯಾಪಕರು ಪ್ರತಿವರ್ಷ ಕೆಲವರಿಗಾದರೂ ತಮ್ಮ ಊರಿನ ಒಂದು ಪುಸ್ತಕವನ್ನು ಪ್ರತಿಮಾಡುವ, ಒಬ್ಬ ಹಿರಿಯರ ಕಂಠವನ್ನು ಧ್ವನಿಮುದ್ರಿಸುವ ಕೆಲಸವನ್ನು ವಹಿಸಿದರೆ, ಹತ್ತು ವರ್ಷಗಳಲ್ಲಿ ಸಾಕಷ್ಟು ಸಾಮಗ್ರಿ ಒದಗುತ್ತದೆ. ಅಷ್ಟಾದ ಮೇಲೆ ಈ ಸೀಮೆಯ ಸಂಗೀತದ ಚರಿತ್ರೆಯನ್ನು ಹೆಸರುಗಳೊಡನೆ ಬರೆಯಬಹುದು.